ಹೈಬ್ರಿಡ್ ಬೀಜವೋ, ಸುಧಾರಿತ ತಳಿಯೋ: ರಾಯಚೂರು ಸೀಮೆಯ ಎಣ್ಣೆಕಾಳು ಬೆಳೆಗಾರರಿಗೆ ಒಂದು ಹೋಲಿಕೆ

ರಾಯಚೂರಿನ ಬೀಜದಂಗಡಿಗಳಲ್ಲಿ ಸೂರ್ಯಕಾಂತಿಗೆ ಬಗೆಬಗೆಯ ಹೈಬ್ರಿಡ್ ಪ್ಯಾಕೆಟ್‌ಗಳು ಸಿಗುತ್ತವೆ, ಔಡಲಕ್ಕೆ ಕೆಲವು ಸಿಗುತ್ತವೆ, ಕುಸುಬೆಗೆ ಹುಡುಕಬೇಕಾಗುತ್ತದೆ, ಶೇಂಗಾಕ್ಕೆ ಎಲ್ಲಿ ಕೇಳಿದರೂ ಸಿಗುವುದಿಲ್ಲ. ಕಂಪನಿಗಳಿಗೆ ಆಸಕ್ತಿ ಇಲ್ಲದ್ದರಿಂದ ಹೀಗಾಗಿದೆ ಎಂಬ ಮಾತು ಊರ ಕಟ್ಟೆಗಳಲ್ಲಿ ಕೇಳಿಬರುವುದುಂಟು. ಅದರಲ್ಲಿ ಸ್ವಲ್ಪ ಸತ್ಯವಿದ್ದರೂ ಮೂಲ ಕಾರಣ ಇರುವುದು ಆಯಾ ಬೆಳೆಯ ಹೂವಿನ ರಚನೆಯಲ್ಲಿ ಮತ್ತು ಅದರ ವಂಶವಾಹಿಗಳಲ್ಲಿ. ಹೀಗಾಗಿ ‘ಹೈಬ್ರಿಡ್ ಒಳ್ಳೆಯದೋ, ತಳಿ ಒಳ್ಳೆಯದೋ’ ಎಂದು ಎಲ್ಲ ಬೆಳೆಗಳಿಗೂ ಸೇರಿಸಿ ಕೇಳಿದರೆ ಸರಿಯಾದ ಉತ್ತರ ದೊರೆಯುವುದಿಲ್ಲ. ಸಂಕರ ಹುರುಪು, ಅಂದರೆ ಎರಡು ಭಿನ್ನ ತಳಿಗಳನ್ನು ಕೂಡಿಸಿದಾಗ ಹುಟ್ಟುವ ಗಿಡಕ್ಕೆ ಬರುವ ಹೆಚ್ಚಿನ ಕಸುವು, ಆ ಬೆಳೆಯಲ್ಲಿ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ ಮತ್ತು ಅದನ್ನು ಬೀಜದಲ್ಲಿ ತುಂಬಿ ಕೊಡಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ನೋಡಿ ಬೆಳೆಬೆಳೆಗೆ ಬೇರೆಬೇರೆಯಾಗಿ ತೀರ್ಮಾನಿಸಬೇಕಾಗುತ್ತದೆ.

ಹುರುಪಿನ ಮೂಲ

ಒಂದೇ ಬೆಳೆಯ ಬೇರೆಬೇರೆ ಗಿಡಗಳನ್ನು ಕೂಡಿಸಿ ಪಡೆದ ಪೀಳಿಗೆ, ತಮ್ಮದೇ ಪರಾಗದಿಂದ ಹುಟ್ಟಿದ ಪೀಳಿಗೆಯನ್ನು ಮೀರಿ ಬೆಳೆಯುವುದನ್ನು ಡಾರ್ವಿನ್ 1876ರಲ್ಲಿಯೇ ವಿವರವಾಗಿ ದಾಖಲಿಸಿದ್ದರು. ಅಮೆರಿಕದ ಜಾರ್ಜ್ ಶಲ್ 1908ರಲ್ಲಿ ಮೆಕ್ಕೆಜೋಳದ ಶುದ್ಧ ಒಳತಳಿಗಳನ್ನು (ಹಲವು ಪೀಳಿಗೆ ತಮ್ಮದೇ ಪರಾಗದಿಂದ ಬೆಳೆಸಿದ ತಳಿಗಳನ್ನು) ಕೂಡಿಸಿ ಇದನ್ನು ಸ್ಪಷ್ಟವಾಗಿ ತೋರಿಸಿ, 1914ರಲ್ಲಿ ಇದಕ್ಕೆ ‘ಹೆಟೆರೋಸಿಸ್’ ಎಂಬ ಹೆಸರು ಕೊಟ್ಟರು. ಇದರ ಕಾರಣದ ಬಗ್ಗೆ ಮಾತ್ರ ನೂರು ವರ್ಷಗಳಿಂದ ಎರಡು ವಿವರಣೆಗಳು ಎದುರುಬದುರಾಗಿ ನಿಂತಿವೆ.

ಮೊದಲನೆಯದು ಪ್ರಾಬಲ್ಯದ ವಿವರಣೆ. ಜೇನು ಮತ್ತು ಗಾಳಿಯ ಮೂಲಕ ಪರಕೀಯ ಪರಾಗಸ್ಪರ್ಶ ಹೊಂದುವ ಬೆಳೆಯಲ್ಲಿ ಕೆಟ್ಟುಹೋದ ಅನೇಕ ವಂಶವಾಹಿಗಳು ದುರ್ಬಲ ರೂಪದಲ್ಲಿ ಅಡಗಿ ಕುಳಿತಿರುತ್ತವೆ. ಪಕ್ಕದಲ್ಲಿ ಒಳ್ಳೆಯ ಪ್ರತಿ ಇರುವವರೆಗೆ ಅವುಗಳ ದೋಷ ಹೊರಗೆ ಕಾಣುವುದಿಲ್ಲ. ಅಂಥ ಬೆಳೆಯನ್ನು ಹಲವು ಪೀಳಿಗೆ ಸ್ವಕೀಯ ಪರಾಗಸ್ಪರ್ಶ ಮಾಡಿಸಿ ಶುದ್ಧ ಒಳತಳಿ ಮಾಡಿದಾಗ ಅಡಗಿದ್ದ ದೋಷಗಳು ಜೋಡಿಯಾಗಿ ಮೇಲೆ ಬಂದು ಗಿಡ ಸೊರಗುತ್ತದೆ. ಆದರೆ ಒಂದು ಒಳತಳಿಯಲ್ಲಿ ಕೆಟ್ಟಿರುವ ವಂಶವಾಹಿಗಳೇ ಇನ್ನೊಂದರಲ್ಲಿಯೂ ಕೆಟ್ಟಿರುವುದಿಲ್ಲ. ಒಬ್ಬ ರೈತನಲ್ಲಿ ಕೂರಿಗೆ ಇದ್ದು ಕುಂಟೆ ಇಲ್ಲದೆ, ನೆರೆಯವನಲ್ಲಿ ಕುಂಟೆ ಇದ್ದು ಕೂರಿಗೆ ಇಲ್ಲದೆ ಇದ್ದಾಗ ಇಬ್ಬರೂ ಕೂಡಿ ಬಿತ್ತನೆ ಮಾಡಿದಂತೆ, ಸಂಕರದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನೆಯದು ಅತಿಪ್ರಾಬಲ್ಯದ ವಿವರಣೆ: ಒಂದೇ ವಂಶವಾಹಿಯ ಎರಡು ಭಿನ್ನ ರೂಪಗಳು ಕೂಡಿರುವುದೇ, ಅವುಗಳಲ್ಲಿ ಯಾವುದಾದರೂ ಒಂದರ ಎರಡು ಪ್ರತಿ ಇರುವುದಕ್ಕಿಂತ ಲಾಭಕರ ಎಂದು ಅದು ಹೇಳುತ್ತದೆ.

ಇದು ಪಂಡಿತರ ಚರ್ಚೆಯಂತೆ ಕಂಡರೂ ಬೀಜ ಕೊಳ್ಳುವವರಿಗೂ ಇದರಲ್ಲಿ ಅರ್ಥವಿದೆ. ಅತಿಪ್ರಾಬಲ್ಯವೇ ಮುಖ್ಯ ಕಾರಣವಾಗಿದ್ದರೆ ಹೈಬ್ರಿಡ್‌ಗೆ ಸರಿಸಾಟಿಯಾದ, ಮನೆಯಲ್ಲಿ ಉಳಿಸಿಕೊಳ್ಳಬಹುದಾದ ತಳಿ ಎಂದೆಂದಿಗೂ ಸಾಧ್ಯವಾಗುವುದಿಲ್ಲ. ಪ್ರಾಬಲ್ಯ ಮುಖ್ಯವಾಗಿದ್ದರೆ, ಎಲ್ಲ ಒಳ್ಳೆಯ ರೂಪಗಳನ್ನು ಒಂದೇ ಶುದ್ಧ ತಳಿಯಲ್ಲಿ ಕೂಡಿಹಾಕುವ ಕೆಲಸ ಕಷ್ಟವೇ ಹೊರತು ಅಸಾಧ್ಯವಲ್ಲ. ಮೆಕ್ಕೆಜೋಳದಲ್ಲಿ ಅತಿಪ್ರಾಬಲ್ಯವೆಂದು ಕಂಡದ್ದರಲ್ಲಿ ಬಹುಪಾಲು, ಹಲವು ಪೀಳಿಗೆ ಬೆರೆತು ಬೆಳೆಯಲು ಬಿಟ್ಟಾಗ ಕರಗಿಹೋಯಿತು. ಕ್ರೋಮೋಸೋಮಿನ ಮೇಲೆ ಪಕ್ಕಪಕ್ಕದಲ್ಲಿ ಒಂದು ಒಳ್ಳೆಯ, ಒಂದು ಕೆಟ್ಟ ವಂಶವಾಹಿ ಅಂಟಿಕೊಂಡಿದ್ದರಿಂದ ಹಾಗೆ ಕಾಣುತ್ತಿತ್ತು. ಸೂರ್ಯಕಾಂತಿಯಲ್ಲಿ ಇಂಥ ಅಂಟಿಕೊಂಡ ದೊಡ್ಡ ತುಣುಕುಗಳು ಹೆಚ್ಚು. ಕಾಡು ಜಾತಿಗಳಿಂದ ರೋಗನಿರೋಧಕ ಗುಣಗಳನ್ನು ತರುವಾಗ ಬೇಡದ್ದೂ ಜೊತೆಗೆ ಬಂದಿದೆ, ಕೆಲವು ವಂಶವಾಹಿಗಳು ಕೆಲವು ಒಳತಳಿಗಳಲ್ಲಿ ಇಲ್ಲವೇ ಇಲ್ಲ. ಸಿದ್ಧಾಂತದಲ್ಲಿ ಬಿಡಿಸಬಹುದಾದ ಈ ಗಂಟುಗಳು ಸದ್ಯದ ತಳಿವರ್ಧನೆಯಲ್ಲಿ ಬಿಡಿಸಲು ಕಷ್ಟವಾದ್ದರಿಂದ, ಸೂರ್ಯಕಾಂತಿಯ ಮಟ್ಟಿಗೆ ಹೈಬ್ರಿಡ್‌ನ ಮೇಲುಗೈ ಸದ್ಯಕ್ಕೆ ಉಳಿಯುವಂಥದೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾಗಿ, ಸಾವಿರಾರು ವರ್ಷಗಳಿಂದ ಸ್ವಕೀಯ ಪರಾಗಸ್ಪರ್ಶದಲ್ಲೇ ಬೆಳೆದುಬಂದ ಬೆಳೆಗಳಲ್ಲಿ ಕೆಟ್ಟ ದುರ್ಬಲ ರೂಪಗಳು ಪ್ರತಿ ಪೀಳಿಗೆಯಲ್ಲೂ ಮೇಲೆ ಬಂದು, ಅವುಗಳನ್ನು ಹೊತ್ತ ಗಿಡಗಳೊಂದಿಗೆ ಅಳಿದುಹೋಗುತ್ತಾ ಬಂದಿವೆ. ಅಲ್ಲಿ ತುಂಬಬೇಕಾದ ಕೊರತೆಗಳೇ ಕಡಿಮೆ ಇರುವುದರಿಂದ ಹುರುಪು ಸಾಮಾನ್ಯವಾಗಿ ಕಡಿಮೆ.

ಯಾವುದಕ್ಕಿಂತ ಹೆಚ್ಚು?

‘ಶೇಕಡಾ ನಲವತ್ತು ಹೆಚ್ಚು ಇಳುವರಿ’ ಎಂಬ ಮಾತನ್ನು ಕೇಳಿದಾಗ, ಯಾವುದಕ್ಕಿಂತ ಹೆಚ್ಚು ಎಂದು ಮೊದಲು ಕೇಳಬೇಕು. ತಳಿವಿಜ್ಞಾನಿಗಳು ಹುರುಪನ್ನು ಮೂರು ಬಗೆಯಲ್ಲಿ ಅಳೆಯುತ್ತಾರೆ: ತಂದೆತಾಯಿಗಳ ಸರಾಸರಿಗೆ ಹೋಲಿಸಿ, ಅವೆರಡರಲ್ಲಿ ಉತ್ತಮವಾದುದಕ್ಕೆ ಹೋಲಿಸಿ, ಮತ್ತು ಆ ಪ್ರದೇಶದಲ್ಲಿ ಈಗಾಗಲೇ ಬೆಳೆಯುತ್ತಿರುವ ಉತ್ತಮ ತಳಿಗೆ ಅಥವಾ ಹೈಬ್ರಿಡ್‌ಗೆ ಹೋಲಿಸಿ. ಸೂರ್ಯಕಾಂತಿಯ ಒಳತಳಿಗಳು ಸೊರಗಿದ ಗಿಡಗಳಾದ್ದರಿಂದ ಮೊದಲೆರಡು ಅಳತೆಗಳಲ್ಲಿ ಬೆರಗಾಗುವಂಥ ಅಂಕಿಗಳು ಬರುತ್ತವೆ. ರೈತರಿಗೆ ಬೇಕಾಗಿರುವುದು ಮೂರನೆಯದು ಮಾತ್ರ. ಅದರಲ್ಲಿಯೂ ಲಿಂಗಸೂಗೂರಿನ ಮಳೆಯಾಶ್ರಿತ ಹೊಲದ ಹೋಲಿಕೆಯೇ ಬೇರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಹೊಲದ ಹೋಲಿಕೆಯೇ ಬೇರೆ.

ಎಣ್ಣೆಯ ಅಂಶದ ಲೆಕ್ಕ ಕಾಳಿನ ಇಳುವರಿಯ ಲೆಕ್ಕದಂತಲ್ಲ. ಕಾಳಿನ ಇಳುವರಿಯಲ್ಲಿ ಹುರುಪು ಎದ್ದು ಕಾಣುತ್ತದೆ. ಎಣ್ಣೆಯ ಶೇಕಡಾಂಶ ಬಹುಮಟ್ಟಿಗೆ ತಂದೆತಾಯಿಗಳ ನಡುವಿನ ಮಟ್ಟದಲ್ಲಿಯೇ ನಿಲ್ಲುತ್ತದೆ. ಹೆಚ್ಚು ಎಣ್ಣೆಯ ಹೈಬ್ರಿಡ್ ಬೇಕೆಂದರೆ ತಂದೆತಾಯಿಗಳೆರಡೂ ಹೆಚ್ಚು ಎಣ್ಣೆಯವೇ ಆಗಿರಬೇಕು. ನಿಮ್ಮ ಅಡತಿಯಲ್ಲಿ ತೂಕದ ಮೇಲಷ್ಟೇ ದರ ಕಟ್ಟುವುದಾದರೆ ಆ ಹೆಚ್ಚಿನ ಎಣ್ಣೆಯ ಲಾಭ ಮಿಲ್ಲಿನವರಿಗೆ ಹೋಗುತ್ತದೆಯೇ ಹೊರತು ನಿಮಗೆ ಬರುವುದಿಲ್ಲ. ಅಂಥಲ್ಲಿ ಬೀಜದ ಪ್ಯಾಕೆಟ್ಟಿನ ಚೀಟಿಯ ಮೇಲಿನ ಎಣ್ಣೆಯ ಅಂಕಿಗೆ ಮಾರುಹೋಗಬೇಕಾಗಿಲ್ಲ.

ಸೂರ್ಯಕಾಂತಿ: ಹೈಬ್ರಿಡ್ ಪರವಾದ ವಾದ ಗಟ್ಟಿಯಾಗಿರುವ ಬೆಳೆ

ಎಣ್ಣೆಗಾಗಿ ಬೆಳೆಯುವ ಸೂರ್ಯಕಾಂತಿ ಭಾರತಕ್ಕೆ ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದ ತಳಿಗಳ ಮೂಲಕ. ಅವು ಮುಕ್ತವಾಗಿ ಪರಾಗಸ್ಪರ್ಶ ಹೊಂದುವ ತಳಿಗಳಾದ್ದರಿಂದ ಗಿಡದಿಂದ ಗಿಡಕ್ಕೆ ಎತ್ತರ, ಹೂಬಿಡುವ ಕಾಲ, ತೆನೆಯ ಗಾತ್ರ ಎಲ್ಲವೂ ಬೇರೆಬೇರೆ ಇದ್ದವು. ಅನೇಕ ಗಿಡಗಳು ತಮ್ಮದೇ ಪರಾಗವನ್ನು ಒಪ್ಪುತ್ತಿರಲಿಲ್ಲ; ಜೇನು ಬಾರದ ವರ್ಷ ತೆನೆಯ ನಡುಭಾಗವೆಲ್ಲ ಜೊಳ್ಳಾಗುತ್ತಿತ್ತು.

ಹೈಬ್ರಿಡ್ ಬೀಜವನ್ನು ಎಕರೆಗಟ್ಟಲೆ ತಯಾರಿಸಬೇಕಾದರೆ ತಾಯಿ ಸಾಲಿನ ಗಿಡಗಳಲ್ಲಿ ಪರಾಗವೇ ಇರಬಾರದು. ಫ್ರಾನ್ಸಿನ ಪ್ಯಾಟ್ರಿಸ್ ಲೆಕ್ಲರ್ಕ್ 1969ರಲ್ಲಿ ಕಾಡು ಸೂರ್ಯಕಾಂತಿಯೊಂದರ ಕೋಶದ್ರವ್ಯಕ್ಕೆ (ಜೀವಕೋಶದಲ್ಲಿ ಕೋಶಕೇಂದ್ರದ ಹೊರಗಿರುವ ಭಾಗಕ್ಕೆ) ಬೆಳೆಯ ವಂಶವಾಹಿಗಳನ್ನು ಸೇರಿಸಿ ಅಂಥ ಗಂಡುಬಂಜೆ ಗಿಡಗಳನ್ನು ಪಡೆದರು. ಬಂಜೆತನಕ್ಕೆ ಕಾರಣ ಆ ಕೋಶದ್ರವ್ಯದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದಲ್ಲಿರುವ ಒಂದು ಅಸಹಜ ವಂಶವಾಹಿ. ಅದು ತಾಯಿಯ ಮೂಲಕ ಮಾತ್ರ ಮುಂದೆ ಹೋಗುತ್ತದೆ. ಮರುವರ್ಷ ಅಮೆರಿಕದ ಕಿನ್ಮನ್ ಆ ಬಂಜೆತನವನ್ನು ಸರಿಪಡಿಸುವ ಪುನಃಸ್ಥಾಪಕ ವಂಶವಾಹಿಯನ್ನು ವರದಿ ಮಾಡಿದರು. ಈ ಎರಡರ ಮೇಲೆ ಇಂದಿಗೂ ಜಗತ್ತಿನ ಹೆಚ್ಚುಕಡಿಮೆ ಎಲ್ಲ ವಾಣಿಜ್ಯ ಸೂರ್ಯಕಾಂತಿ ಹೈಬ್ರಿಡ್‌ಗಳು ನಿಂತಿವೆ. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1, 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂತು. ಮುಂದೆ ಅಲ್ಲಿಂದಲೇ ಕೆಬಿಎಸ್‌ಎಚ್-1, ಕೆಬಿಎಸ್‌ಎಚ್-44 ಬಂದವು. ರಾಯಚೂರಿನ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಆರ್‌ಎಸ್‌ಎಫ್‌ಎಚ್-130 ಹೈಬ್ರಿಡ್‌ಗೆ ‘ಭದ್ರಾ’ ಎಂಬ ಹೆಸರೂ ಇದೆ.

ಬೆಲೆಯ ಲೆಕ್ಕವೂ ಹೈಬ್ರಿಡ್ ಪರವಾಗಿಯೇ ಇದೆ. ಎಕರೆಗೆ ಬೇಕಾಗುವುದು ಸುಮಾರು 2 ಕಿಲೋ ಬೀಜ. ಹೈಬ್ರಿಡ್ ಬೀಜಕ್ಕೆ ಎಕರೆಗೆ 1,400 ರೂಪಾಯಿ ಹೆಚ್ಚು ಖರ್ಚಾಗುತ್ತದೆ, ಕ್ವಿಂಟಲ್ ದರ 7,000 ರೂಪಾಯಿ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಎಕರೆಗೆ 20 ಕಿಲೋ ಕಾಳು ಹೆಚ್ಚು ಬಂದರೆ ಸಾಕು, ಬೀಜದ ಹಣ ವಾಪಸಾಗುತ್ತದೆ. ಒಂದೆರಡು ಮಳೆ ಸರಿಯಾಗಿ ಸಿಕ್ಕ ಎರೆ ಭೂಮಿಯಲ್ಲಿ ಇದು ದೊಡ್ಡ ಮಾತಲ್ಲ.

ಆದರೆ ಆ ಬೀಜವನ್ನು ಮರುವರ್ಷಕ್ಕೆ ಉಳಿಸಿಕೊಳ್ಳುವ ಆಸೆಗೆ ಬೀಳಬಾರದು. ತಂದೆತಾಯಿ ಒಳತಳಿಗಳು ಎಕರೆಗೆ 4 ಕ್ವಿಂಟಲ್ ಕೊಟ್ಟು ಹೈಬ್ರಿಡ್ 8 ಕ್ವಿಂಟಲ್ ಕೊಡುತ್ತದೆ ಎಂದು ಊಹಿಸಿದರೆ, ಎರಡನೆಯ ಪೀಳಿಗೆಯಲ್ಲಿ ಹುರುಪಿನ ಅರ್ಧ ಹೋಗಿ ಇಳುವರಿ 6ಕ್ಕೆ ಇಳಿಯುತ್ತದೆ. ಪರಾಗ ಪಕ್ಕದ ಗಿಡದಿಂದ ಬಂದರೂ ಆ ಗಿಡವೂ ಅದೇ ತಂದೆತಾಯಿಗಳ ಮಗುವಾದ್ದರಿಂದ ಲೆಕ್ಕ ಬದಲಾಗುವುದಿಲ್ಲ. ಇದು ಪಾಠದ ಲೆಕ್ಕ. ಹೊಲದಲ್ಲಿ ಆಗುವುದು ಇದಕ್ಕಿಂತ ಕೆಟ್ಟದ್ದು, ಅದರ ಕಾರಣವೂ ಸ್ವಾರಸ್ಯಕರವಾದದ್ದು. ಹೈಬ್ರಿಡ್‌ನ ಪ್ರತಿ ಗಿಡದ ಕೋಶದ್ರವ್ಯವೂ ಬಂಜೆ ಕೋಶದ್ರವ್ಯವೇ. ಪುನಃಸ್ಥಾಪಕ ವಂಶವಾಹಿಯ ಒಂದು ಪ್ರತಿ ಅದನ್ನು ಕಾಪಾಡುತ್ತಿರುತ್ತದೆ. ಮರುಬಿತ್ತಿದಾಗ ಮೆಂಡೆಲ್‌ನ ನಿಯಮದಂತೆ ಕಾಲುಭಾಗ ಗಿಡಗಳಿಗೆ ಆ ವಂಶವಾಹಿ ಸಿಗುವುದೇ ಇಲ್ಲ. ಜೊತೆಗೆ, ಹೆಚ್ಚು ದಿನ ಪರಾಗ ಸಿಗಲೆಂದು ಅನೇಕ ಗಂಡು ಒಳತಳಿಗಳಲ್ಲಿ ಕವಲೊಡೆಯುವ ದುರ್ಬಲ ಗುಣವನ್ನು ಬೇಕೆಂದೇ ಇಟ್ಟಿರುತ್ತಾರೆ. ಹೈಬ್ರಿಡ್‌ನಲ್ಲಿ ಅಡಗಿರುವ ಆ ಗುಣ ಮರುಪೀಳಿಗೆಯ ಕಾಲುಭಾಗ ಗಿಡಗಳಲ್ಲಿ ಹೊರಬರುತ್ತದೆ. ಎರಡನ್ನೂ ಕೂಡಿಸಿದರೆ ಹದಿನಾರು ಗಿಡಗಳಲ್ಲಿ ಏಳು ಒಂದಲ್ಲ ಒಂದು ದೋಷ ಹೊತ್ತಿರುತ್ತವೆ. ಹೀಗೆ ಮರುಬಿತ್ತಿದ ಹೊಲದ ಸಾಲಿನಲ್ಲಿ ನಡೆದರೆ ಒಂದು ಗಿಡಕ್ಕೆ ಅಂಗೈ ಅಗಲದ ಒಂದೇ ತೆನೆ, ಅದರ ಪಕ್ಕದ್ದಕ್ಕೆ ಎಲೆಯ ಸಂದುಸಂದಿನಲ್ಲಿ ಸಣ್ಣಸಣ್ಣ ತೆನೆಗಳು, ಮತ್ತೊಂದರ ತೆನೆಯನ್ನು ಬೆಳಗಿನ ಹೊತ್ತು ಬೆರಳಿನಿಂದ ಸವರಿದರೆ ಹಳದಿ ಪುಡಿಯೇ ಅಂಟದು.

ಹಾಗಾದರೆ ಸುಧಾರಿತ ತಳಿಗೆ ಇಲ್ಲಿ ಜಾಗವೇ ಇಲ್ಲವೆ? ಒಂದು ಕಡೆ ಇದೆ. ಮಾರ್ಡನ್ ಎಂಬ ಗಿಡ್ಡ ತಳಿ ಸುಮಾರು 80 ದಿನಗಳಿಗೆ ಕೊಯ್ಲಿಗೆ ಬರುತ್ತದೆ. ಹೈಬ್ರಿಡ್‌ಗಳಲ್ಲಿ ಅನೇಕಕ್ಕೆ 90ರಿಂದ 95 ದಿನ ಬೇಕು. ಮಳೆ ತಡವಾಗಿ, ಯಲಬುರ್ಗಾ ಕಡೆಯ ಹೊಲದಲ್ಲಿ ಉಳಿದ ತೇವದ ಮೇಲಷ್ಟೇ ಬೆಳೆ ತೆಗೆಯಬೇಕಾದಾಗ ಆ ಹತ್ತು-ಹದಿನೈದು ದಿನಗಳ ಬೆಲೆ ಹುರುಪಿಗಿಂತ ಹೆಚ್ಚು. ಹೈಬ್ರಿಡ್ ಗಿಡಗಳೆಲ್ಲ ಒಂದೇ ವಾರದಲ್ಲಿ ಹೂಬಿಡುವುದು ಕೊಯ್ಲಿಗೆ ಅನುಕೂಲವಾದರೂ, ಆ ವಾರವೇ ಮೋಡ ಮುಸುಕಿ ಜೇನು ಹಾರದೆ ಹೋದರೆ ಹೊಲವೆಲ್ಲ ಒಟ್ಟಿಗೆ ಪೆಟ್ಟು ತಿನ್ನುತ್ತದೆ.

ರೋಗದ ವಿಷಯದಲ್ಲಿ ‘ಹುರುಪಿನ ಗಿಡಕ್ಕೆ ರೋಗ ಬಾರದು’ ಎಂಬ ನಂಬಿಕೆ ಪೂರ್ತಿ ತಪ್ಪು. ಕೇದಿಗೆ ರೋಗಕ್ಕೆ ನಿರೋಧಕತೆ ನಿರ್ದಿಷ್ಟ ವಂಶವಾಹಿಗಳಿಂದ ಬರುವುದು. ಅವು ತಂದೆತಾಯಿಗಳಲ್ಲಿ ಒಂದರಲ್ಲಾದರೂ ಇದ್ದರೆ ಮಾತ್ರ ಹೈಬ್ರಿಡ್‌ಗೆ ಸಿಗುತ್ತವೆ. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಾಣಿಸಿಕೊಂಡ ನೆಕ್ರೋಸಿಸ್ ನಂಜು ರೋಗ ಹೈಬ್ರಿಡ್, ತಳಿ ಎಂದು ಭೇದ ಮಾಡಲಿಲ್ಲ. ಅದರ ನಂಜಾಣು ಕಾಂಗ್ರೆಸ್ ಕಸದ ಪರಾಗದಲ್ಲಿದ್ದು ಥ್ರಿಪ್ಸ್ ನುಸಿಯ ಮೂಲಕ ಹರಡುವುದರಿಂದ, ಬದುವಿನ ಕಸ ಕೀಳುವ ಕೂಲಿಯನ್ನು ಯಾವ ಪ್ಯಾಕೆಟ್ಟೂ ಉಳಿಸಿಕೊಡುವುದಿಲ್ಲ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಸೂರ್ಯಕಾಂತಿ ಹೈಬ್ರಿಡ್‌ಗಳು ಒಂದೇ ಕೋಶದ್ರವ್ಯದ ಮೇಲೆ ನಿಂತಿರುವುದೂ ಯೋಚಿಸಬೇಕಾದ ಸಂಗತಿ. ಅಮೆರಿಕದಲ್ಲಿ 1970ರಲ್ಲಿ ಒಂದೇ ಬಗೆಯ ಬಂಜೆ ಕೋಶದ್ರವ್ಯವಿದ್ದ ಮೆಕ್ಕೆಜೋಳ ಎಲೆ ಅಂಗಮಾರಿಗೆ ಸಿಕ್ಕು ದೊಡ್ಡ ಪ್ರಮಾಣದಲ್ಲಿ ಹಾಳಾಗಿತ್ತು.

ಔಡಲ: ನೀರಿದ್ದರೆ ಒಂದು ಮಾತು, ಇಲ್ಲದಿದ್ದರೆ ಇನ್ನೊಂದು

ಔಡಲದ ಗೊನೆಯಲ್ಲಿ ಕೆಳಗೆ ಗಂಡು ಹೂ, ಮೇಲೆ ಹೆಣ್ಣು ಹೂ. ಇಡೀ ಗೊನೆ ಹೆಣ್ಣು ಹೂಗಳನ್ನೇ ಬಿಡುವ ಗಿಡಗಳನ್ನು ತಾಯಿಯಾಗಿ ಬಳಸಿ ಗುಜರಾತಿನಲ್ಲಿ 1968ರಲ್ಲಿ ಜಿಸಿಎಚ್-3 ಎಂಬ, ಜಗತ್ತಿನ ಮೊದಲ ವಾಣಿಜ್ಯ ಔಡಲ ಹೈಬ್ರಿಡ್ ಬಿಡುಗಡೆಯಾಯಿತು. ಮುಂದೆ ಬಂದ ಜಿಸಿಎಚ್-4ರ ತಾಯಿ ವಿಪಿ-1, ತಂದೆ 48-1. ಈ ತಂದೆಯೇ ‘ಜ್ವಾಲಾ’ ಎಂಬ ಹೆಸರಿನಲ್ಲಿ ಸ್ವತಂತ್ರ ತಳಿಯಾಗಿಯೂ ಬೆಳೆಯುತ್ತದೆ. ಔಡಲದ ತಳಿವಿಜ್ಞಾನದ ವಿಶೇಷ ಇಲ್ಲಿದೆ: ಸೂರ್ಯಕಾಂತಿಯಂತೆ ಇದು ಒಳಸಂಕರದಿಂದ ತೀವ್ರವಾಗಿ ಸೊರಗುವುದಿಲ್ಲ. ಆದ್ದರಿಂದಲೇ ಹೈಬ್ರಿಡ್‌ನ ತಂದೆ ಹೊಲದಲ್ಲಿ ಒಂಟಿಯಾಗಿ ನಿಲ್ಲಬಲ್ಲದು, ಅದರ ಬೀಜವನ್ನು ಪ್ರತ್ಯೇಕವಾಗಿ ಬೆಳೆದು ಕೆಲವು ವರ್ಷ ಉಳಿಸಿಕೊಳ್ಳಬಹುದು.

ನೀರಾವರಿ ಇದ್ದು ಗೊನೆಗಳನ್ನು ನಾಲ್ಕಾರು ಸಲ ಬಿಡಿಸುವ ಅವಕಾಶವಿದ್ದರೆ ಹೈಬ್ರಿಡ್‌ಗೆ ಹಣ ಹಾಕುವುದು ಸರಿ. ದೇವದುರ್ಗದ ಮಸಾರಿ ಹೊಲದ ಅಂಚಿನಲ್ಲಿ, ತೊಗರಿಯ ನಡುವೆ ಅಕ್ಕಡಿ ಸಾಲಾಗಿ ಹಾಕುವವರಿಗೆ ಸೊರಗು ರೋಗ ತಡೆಯುವ 48-1ರಂಥ ತಳಿಯೇ ಸಾಕು ಎನ್ನುವುದು ನನ್ನ ಸಲಹೆ. ಹೈಬ್ರಿಡ್ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಹೆಣ್ಣು ಗಿಡಗಳ ಗುಣ ಹವಾಮಾನಕ್ಕೆ ಬದಲಾಗುತ್ತದೆ. ಬಿಸಿಲು ಏರಿದಾಗ ಹೆಣ್ಣು ಹೂಗಳ ನಡುವೆ ಗಂಡು ಹೂ ಮೂಡುತ್ತದೆ. ತಾಯಿ ತಳಿಯನ್ನು ಉಳಿಸಿಕೊಳ್ಳಲು ಅದೇ ದಾರಿ. ಆದರೆ ಹೈಬ್ರಿಡ್ ಬೀಜ ತಯಾರಿಸುವ ಹೊಲದಲ್ಲಿ ಹಾಗಾದರೆ ಪ್ಯಾಕೆಟ್‌ನಲ್ಲಿ ತಾಯಿಯ ಬೀಜವೇ ಬೆರೆತು ಬರುತ್ತದೆ. ಕಾಂಡದ ಬಣ್ಣ, ಅದರ ಮೇಲಿನ ಬೂದು ಮೇಣ, ಕಾಯಿಯ ಮುಳ್ಳು ಈ ಮೂರನ್ನು ಗಿಡಗಿಡಕ್ಕೆ ನೋಡುತ್ತ ಹೋದರೆ ಬೆರಕೆ ಎಷ್ಟಿದೆಯೆಂದು ತಿಳಿಯುತ್ತದೆ.

ಕುಸುಬೆ

ಇಲ್ಲಿ ನಾನು ತಳಿಯ ಪರ. ಕುಸುಬೆ ಬಹುಪಾಲು ಸ್ವಕೀಯ ಪರಾಗಸ್ಪರ್ಶದ ಬೆಳೆ. 1997ರಲ್ಲಿ ಬಿಡುಗಡೆಯಾದ ಡಿಎಸ್‌ಎಚ್-129 ಮೊದಲಾದ ಹೈಬ್ರಿಡ್‌ಗಳು ಕೋಶಕೇಂದ್ರದ ದುರ್ಬಲ ವಂಶವಾಹಿಯಿಂದ ಬರುವ ಗಂಡು ಬಂಜೆತನವನ್ನು ಅವಲಂಬಿಸಿದ್ದವು. ಆ ವ್ಯವಸ್ಥೆಯಲ್ಲಿ ತಾಯಿ ಸಾಲಿನ ಅರ್ಧ ಗಿಡಗಳು ಯಾವಾಗಲೂ ಪರಾಗವುಳ್ಳವೇ ಆಗಿರುತ್ತವೆ. ಹೂ ಬಿರಿಯುವ ಹೊತ್ತಿನಲ್ಲಿ ಮುಳ್ಳಿನ ಗಿಡಗಳ ನಡುವೆ ನುಗ್ಗಿ ಒಂದೊಂದನ್ನೇ ಗುರುತಿಸಿ ಕೀಳಬೇಕು. ಈ ಕೂಲಿಯ ಭಾರದಿಂದ ಬೀಜೋತ್ಪಾದನೆ ಬೆಳೆಯಲಿಲ್ಲ. ಮುಂದೆ ಕೋಶದ್ರವ್ಯದ ಬಂಜೆತನ ಆಧರಿಸಿದ ಡಿಎಸ್‌ಎಚ್-185 ಬಂದು ಆ ತೊಡಕು ತಪ್ಪಿದರೂ ಬೀಜ ನಮ್ಮ ಕಡೆ ಸುಲಭವಾಗಿ ಸಿಗುವಂತಾಗಿಲ್ಲ. ಹಿಂಗಾರಿಯಲ್ಲಿ ಜೋಳ, ಕಡಲೆಯೊಂದಿಗೆ ಎರೆ ಭೂಮಿಯ ಆಳದ ತೇವ ಕುಡಿದು ಬೆಳೆಯುವ ಈ ಬೆಳೆಗೆ 1969ರಿಂದ ಹೆಸರಾಗಿರುವ ಅಣ್ಣಿಗೇರಿ-1 ಅಥವಾ ಅದರ ನಂತರದ ಸುಧಾರಿತ ತಳಿಗಳನ್ನು ಬಿತ್ತಿ, ಹೇನಿನ ಹತೋಟಿಗೆ ಹಣ ಉಳಿಸಿಕೊಳ್ಳುವುದು ಮೇಲು. ಎಣ್ಣೆಯಲ್ಲಿ ಒಲಿಯಿಕ್ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಕುಸುಬೆಗೆ ಈಗ ಬೇಡಿಕೆ ಬರುತ್ತಿದೆ. ಆ ಗುಣ ದುರ್ಬಲ ವಂಶವಾಹಿಯದಾದ್ದರಿಂದ ಹೈಬ್ರಿಡ್‌ನಲ್ಲಿ ತರಬೇಕಾದರೆ ತಂದೆತಾಯಿಗಳೆರಡಕ್ಕೂ ಅದನ್ನು ಸೇರಿಸಬೇಕು, ತಳಿಯಲ್ಲಾದರೆ ಒಂದೇ ಸಲ ಸಾಕು.

ಶೇಂಗಾ ಮತ್ತು ಎಳ್ಳು

ಶೇಂಗಾದ ಹೂ ಬಿರಿಯುವ ಮೊದಲೇ ಒಳಗಡೆ ಪರಾಗಸ್ಪರ್ಶ ಮುಗಿದಿರುತ್ತದೆ. ಸಂಕರ ಮಾಡಬೇಕೆಂದರೆ ಹಿಂದಿನ ಸಂಜೆ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ತೆಗೆದು, ಬೆಳಗ್ಗೆ ಬೇರೆ ಗಿಡದ ಪರಾಗ ಹಚ್ಚಬೇಕು; ಊಡು (ಹೂವಿನಿಂದ ನೆಲಕ್ಕಿಳಿಯುವ ಕಡ್ಡಿ) ಇಳಿದು ಕಾಯಿ ಕಟ್ಟಿದರೆ ಸಿಗುವುದು ಒಂದೆರಡು ಕಾಳು. ಎಕರೆಗೆ 40 ಕಿಲೋಗೂ ಮೇಲ್ಪಟ್ಟು ಬೀಜ ಬೇಡುವ ಬೆಳೆಗೆ ಇಷ್ಟು ಕೈಗೆಲಸದ ಹೈಬ್ರಿಡ್ ಬೀಜ ಕೊಡಲು ಯಾರಿಂದಲೂ ಆಗದು. ಆದ್ದರಿಂದ ‘ಹೈಬ್ರಿಡ್ ಶೇಂಗಾ’ ಎಂದು ಯಾರಾದರೂ ಚೀಲ ಮುಂದಿಟ್ಟರೆ, ಬೆಲೆ ಕೇಳುವ ಅಗತ್ಯವೂ ಇಲ್ಲ.

ಆದರೂ ಶೇಂಗಾಕ್ಕೆ ಹುರುಪಿಲ್ಲ ಎಂದೇನೂ ಅಲ್ಲ. ಅದು ದಕ್ಷಿಣ ಅಮೆರಿಕದಲ್ಲಿ ಎರಡು ಕಾಡು ಜಾತಿಗಳು ಕೂಡಿ, ಕ್ರೋಮೋಸೋಮುಗಳು ಇಮ್ಮಡಿಯಾಗಿ ಹುಟ್ಟಿದ ಬೆಳೆ. 40 ಕ್ರೋಮೋಸೋಮುಗಳಲ್ಲಿ 20 ಒಂದರಿಂದ, 20 ಇನ್ನೊಂದರಿಂದ ಬಂದವು. ಎರಡು ಜಾತಿಗಳ ವಂಶವಾಹಿಗಳು ಬೇರೆಬೇರೆ ಜೋಡಿಗಳಾಗಿಯೇ ಮುಂದೆ ಸಾಗುವುದರಿಂದ, ಸೂರ್ಯಕಾಂತಿಯಲ್ಲಿ ಒಂದು ಪೀಳಿಗೆಗೆ ಮುಗಿಯುವ ಆ ಕೂಡುವಿಕೆ ಇಲ್ಲಿ ಶಾಶ್ವತವಾಗಿ ನೆಲೆನಿಂತಿದೆ. ರೈತರು ಮನೆಯಲ್ಲಿಟ್ಟ ಶೇಂಗಾ ಬೀಜದಲ್ಲಿಯೂ ಅದು ಹಾಗೆಯೇ ಇದೆ. ಹೀಗಿರುವುದರಿಂದ ಇಲ್ಲಿನ ಆಯ್ಕೆ ತಳಿತಳಿಗಳ ನಡುವಿನದು: 1940ರಲ್ಲಿ ಬಿಡುಗಡೆಯಾಗಿ ಬಳ್ಳಾರಿ ಸೀಮೆಯಲ್ಲಿಯೂ ನೆಲೆಯೂರಿದ ಹಳೆಯ ಟಿಎಂವಿ-2ಕ್ಕೆ ಅಂಟಿಕೊಳ್ಳುವುದೋ, ತುಕ್ಕು ಮತ್ತು ಎಲೆಚುಕ್ಕೆ ತಡೆಯುವ ಧಾರವಾಡದ ಜಿಪಿಬಿಡಿ-4ಕ್ಕೆ ಬರುವುದೋ, ಕದಿರಿಯ ಕೆ-6ರಂಥ ತಳಿಗಳಿಗೆ ಹೋಗುವುದೋ ಎಂಬುದು. ರೋಗದ ಒತ್ತಡವಿರುವ ನೀರಾವರಿ ಶೇಂಗಾಕ್ಕೆ ಟಿಎಂವಿ-2 ಬಿಡುವ ಕಾಲ ಎಂದೋ ಬಂದಿದೆ.

ಎಳ್ಳಿನ ಕತೆಯೂ ಸ್ಥೂಲವಾಗಿ ಇದೇ. ಒಳ್ಳೆಯ ತಳಿಯ ಶುದ್ಧ ಬೀಜ ಸಿಕ್ಕರೆ ಅಷ್ಟೇ ಸಾಕು.

ಚೀಟಿ ಮತ್ತು ಬೆರಕೆ

ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ನಿಜಚೀಟಿ ಬೀಜಕ್ಕೆ ಹಸಿರು ಚೀಟಿ. ಮೊದಲನೆಯದರ ಹೊಲವನ್ನು ಪ್ರಮಾಣನ ಸಂಸ್ಥೆ ಪರಿಶೀಲಿಸಿರುತ್ತದೆ. ಎರಡನೆಯದಕ್ಕೆ ಉತ್ಪಾದಕರ ಮಾತೇ ಆಧಾರ. ಖಾಸಗಿ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಹಸಿರು ಚೀಟಿಯವು, ಹಾಗೆಂದ ಮಾತ್ರಕ್ಕೆ ಕೆಟ್ಟವಲ್ಲ. ಆದರೆ ಹೊಸ ಹೆಸರಿನ ಪ್ಯಾಕೆಟ್ಟನ್ನು ಇಡೀ ಹೊಲಕ್ಕೆ ಬಿತ್ತುವ ಬದಲು, ಮೊದಲ ವರ್ಷ ನಿಮ್ಮ ಹಳೆಯ ಹೈಬ್ರಿಡ್‌ನ ಪಕ್ಕದಲ್ಲಿ, ಅದೇ ದಿನ, ಅದೇ ಗೊಬ್ಬರಕ್ಕೆ ಕೆಲವು ಸಾಲು ಹಾಕಿ, ರಾಶಿ ಮಾಡಿದ ಮೇಲೆ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕು. ಮೇಲೆ ಹೇಳಿದ ಮೂರನೆಯ ಅಳತೆ ಇದೇ.

ಸೂರ್ಯಕಾಂತಿಯ ಬೆರಕೆ ಮೊಳಕೆಯಲ್ಲಿ ಗೊತ್ತಾಗುವುದಿಲ್ಲ. ಬಂಜೆ ತೆನೆಯಾಗಲಿ, ಕವಲೊಡೆದ ಗಿಡವಾಗಲಿ ಸ್ಪಷ್ಟವಾಗಿ ಕಾಣುವುದು ಹೂಬಿಡುವ ವಾರದಲ್ಲಿ. ಒಣಗಿದ ಮೇಲೆ ಜೊಳ್ಳು ತೆನೆ ನೋಡಿ ಅದು ಬೀಜದ ದೋಷವೋ, ಜೇನಿನ ಕೊರತೆಯೋ, ಬೋರಾನ್ ಕೊರತೆಯೋ ಎಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಹೊಲದ ಬೇರೆಬೇರೆ ಕಡೆ ನೂರು ನೂರು ಗಿಡ ಎಣಿಸಿ, ನೂರಕ್ಕೆ ಐದಕ್ಕಿಂತ ಹೆಚ್ಚು ಬೇರೆ ಬಗೆಯ ಗಿಡ ಕಂಡರೆ ಆ ವಾರದಲ್ಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ತಿಳಿಸಿ, ಅಧಿಕಾರಿಗಳು ಹೂವಿರುವಾಗಲೇ ಬಂದು ನೋಡುವಂತೆ ಕೇಳಿಕೊಳ್ಳಬೇಕು. ಅಲ್ಲಿಯವರೆಗೆ ರಸೀದಿ, ಚೀಟಿ ಮತ್ತು ಪ್ಯಾಕೆಟ್‌ನಲ್ಲಿ ಉಳಿಸಿದ ಒಂದು ಹಿಡಿ ಬೀಜ ಮನೆಯಲ್ಲಿ ಭದ್ರವಾಗಿರಬೇಕು.